ಸೂತ್ರವು ನಮ್ಮ ಕೈಯಲ್ಲಿರಲಿ

"ಸರ್ವರ್ ಇಲ್ಲ" ಎಂಬ ಎರಡು ಶಬ್ದಗಳು ಇಂದು ಕರ್ನಾಟಕದ ಮೂಲೆಮೂಲೆಗಳಲ್ಲಿಯೂ ಪರಿಚಿತವಾಗಿ ಹೋಗಿವೆ. ಪಡಿತರದ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಮುದುಕಿಗೂ, ಉಪನೋಂದಣಾಧಿಕಾರಿಗಳ ಕಚೇರಿಯ ಜಗಲಿಯಲ್ಲಿ ಸಾಕ್ಷಿಗಳೊಡನೆ ಕಾದು ಕುಳಿತ ಕೃಷಿಕನಿಗೂ, ಪರೀಕ್ಷೆಯ ಫಲಿತಾಂಶವನ್ನು ತಿಳಿಯಲು ಆತುರಪಡುವ ವಿದ್ಯಾರ್ಥಿಗೂ ಇವುಗಳ ಅರ್ಥವು ಒಂದೇ ಆಗಿದೆ: ಇಂದು ಕೆಲಸವಾಗದು, ನಾಳೆ ಬನ್ನಿರಿ. ಹಿಂದೆ ಇದೇ ಮಾತನ್ನು ಗುಮಾಸ್ತನು ಆಡುತ್ತಿದ್ದನು. ಅವನೊಡನೆ ವಾದಿಸುವುದಕ್ಕೆ ಆಸ್ಪದವಿತ್ತು. ಅವನ ಮೇಲಧಿಕಾರಿಗಳಿಗೆ ಅರ್ಜಿ ಬರೆದುಕೊಳ್ಳುವುದಕ್ಕೂ ಆಸ್ಪದವಿತ್ತು. ಈಗ ಯಂತ್ರವು ಆಡುತ್ತದೆ, ಅದರೊಡನೆ ವಾದಿಸುವವರಾರು? ದಿನಗೂಲಿಯಿಂದ ಜೀವಿಸುವವನಿಗೆ "ನಾಳೆ ಬಾ" ಎಂಬುದು ಒಂದು ದಿನದ ಅನ್ನದ ಮೇಲೆ ಬೀಳುವ ದಂಡವಾಗಿದೆ. ಸರಕಾರವು ತನ್ನ ಜನರೊಡನೆ ನಡೆಸುವ ವ್ಯವಹಾರವೆಲ್ಲವೂ ಗಣಕಯಂತ್ರಗಳನ್ನು ಆಶ್ರಯಿಸಿರುವ ಈ ಕಾಲದಲ್ಲಿ, ಆ ಯಂತ್ರಗಳನ್ನು ಯಾರು, ಹೇಗೆ, ಯಾರ ಅಧೀನದಲ್ಲಿ ನಡೆಸುತ್ತಾರೆಂಬುದು ಇಂಜಿನಿಯರರಿಗಷ್ಟೇ ಬಿಟ್ಟು ಕೊಡತಕ್ಕ ಪ್ರಶ್ನೆಯಾಗಿ ಉಳಿದಿಲ್ಲ. ಅದು ಪ್ರಜೆಗಳ ಹಕ್ಕಿನ ಪ್ರಶ್ನೆಯಾಗಿದೆ.

ಮಂಗಳೂರಿನ ಮಹಾಜನರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ವ್ಯಥೆಯೂ ಉಂಟು. ನಂತೂರಿನಿಂದ ಕೊಟ್ಟಾರದವರೆಗೂ, ಅತ್ತಲಾಗಿ ಮುಡಿಪಿನ ಗುಡ್ಡದವರೆಗೂ ಇರುವ ಕಚೇರಿಗಳಲ್ಲಿ ನಮ್ಮ ತರುಣ ತರುಣಿಯರು ಪರದೇಶಗಳ ಜಾಲತಾಣಗಳನ್ನು ಕಾಯುತ್ತಿದ್ದಾರೆ. ಅಮೆರಿಕದಲ್ಲಿ ಹಗಲಾಗಿರುವಾಗ ಇಲ್ಲಿ ಇರುಳು. ಅಲ್ಲಿಯ ಅಂಗಡಿಯೊಂದರ ಜಾಲತಾಣವು ತೊಡರಿದರೆ ಇಲ್ಲಿ ಪಾಳಿಯ ಮೇಲಿರುವವನು ಅದನ್ನು ಸರಿಪಡಿಸುತ್ತಾನೆ. ಸುರತ್ಕಲ್ಲಿನಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಇಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಇನ್ಫೋಸಿಸ್ ಸಂಸ್ಥೆಯು ೧೯೯೦ರ ದಶಕದಲ್ಲಿಯೇ ಈ ಊರಿಗೆ ಬಂದಿತು. ವಿದ್ಯೆಗೂ ಕೊರತೆಯಿಲ್ಲ, ಶ್ರಮಕ್ಕೂ ಕೊರತೆಯಿಲ್ಲ. ಹೀಗಿರುವಲ್ಲಿ, ಸಾವಿರಾರು ಮೈಲು ದೂರದ ಅಂಗಡಿಯ ದೀಪವನ್ನು ಆರದಂತೆ ಕಾಯಬಲ್ಲ ಊರಿನಲ್ಲಿ ನಮ್ಮದೇ ಪಡಿತರದಂಗಡಿಯ ದೀಪವು ಪದೇ ಪದೇ ಆರುವುದೇಕೆ?

ಈಚಿನ ಕೆಲವು ಸಂಗತಿಗಳನ್ನು ಪರ್ಯಾಲೋಚಿಸೋಣ. ೨೦೨೩ರ ಜೂನ್ ೧೮ರಿಂದ ಗೃಹಜ್ಯೋತಿ ಯೋಜನೆಗೂ, ಮರುತಿಂಗಳಲ್ಲಿ ಗೃಹಲಕ್ಷ್ಮಿ ಯೋಜನೆಗೂ ಹೆಸರು ನೋಂದಾಯಿಸುವ ಕಾರ್ಯವು ಆರಂಭವಾಯಿತು. ಸೇವಾಸಿಂಧು ಜಾಲತಾಣವು ಜನಸಂದಣಿಯನ್ನು ತಾಳಲಾರದೆ ತತ್ತರಿಸಿತು. ಗ್ರಾಮ ಒನ್ ಕೇಂದ್ರಗಳ ಮುಂದೆ ಜನರು ದಿನವಿಡೀ ಕಾದು ಬರಿಗೈಯಿಂದ ಮರಳಿದರು. ಈ ಸಂದಣಿಯು ಅನಿರೀಕ್ಷಿತವಾಗಿತ್ತೆಂದು ಹೇಳುವಂತಿಲ್ಲ. ದಿನವನ್ನು ಗೊತ್ತುಮಾಡಿದವರು ಸರಕಾರದವರೇ. ಕುಟುಂಬಗಳ ಸಂಖ್ಯೆಯು ಸರಕಾರದ ಪುಸ್ತಕಗಳಲ್ಲಿಯೇ ಇದ್ದಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಪ್ರತಿವರ್ಷವೂ ೮ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳು ಕುಳಿತುಕೊಳ್ಳುವರೆಂಬುದೂ, ಫಲಿತಾಂಶವು ಪ್ರಕಟವಾದ ಗಳಿಗೆಯಲ್ಲಿ ಅವರೆಲ್ಲರೂ ಒಂದೇ ಬಾಗಿಲನ್ನು ತಟ್ಟುವರೆಂಬುದೂ ಹೊಸ ಸುದ್ದಿಯಲ್ಲ. ೨೦೨೫ರ ಆರಂಭದಲ್ಲಿ ನೋಂದಣಿ ಇಲಾಖೆಯ ಕಾವೇರಿ-೨ ತಂತ್ರಾಂಶವು ಕುಂಠಿತವಾಗಿ ಆಸ್ತಿಪತ್ರಗಳ ನೋಂದಣಿಯು ರಾಜ್ಯದಾದ್ಯಂತ ತೊಡಕಿಗೊಳಗಾಯಿತು. ದುರುದ್ದೇಶದಿಂದ ಸುಳ್ಳು ಬೇಡಿಕೆಗಳ ಸುರಿಮಳೆಗೈದುದೇ ಇದಕ್ಕೆ ಕಾರಣವೆಂದು ಸರಕಾರವು ಹೇಳಿ ಪೋಲೀಸರಲ್ಲಿ ದೂರು ದಾಖಲಿಸಿತು. ಈ ನಿದರ್ಶನಗಳಲ್ಲೆಲ್ಲ ರೋಗದ ಹೊರಲಕ್ಷಣವು ಒಂದೇ ಆದರೂ ಮೂಲವು ಬೇರೆಬೇರೆಯಾಗಿದೆ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ನಂತೂರಿನ ಕೂಡುರಸ್ತೆಯನ್ನು ಕಂಡವರಿಗೆ ಇದರ ಚಿಕಿತ್ಸೆಯನ್ನು ತಿಳಿಸುವುದು ಸುಲಭ. ಪನವೇಲಿನಿಂದ ಕನ್ಯಾಕುಮಾರಿಗೆ ಹೋಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯೂ, ಮೂಡುಬಿದಿರೆ ಕಾರ್ಕಳಗಳತ್ತ ಹೊರಡುವ ದಾರಿಯೂ, ಕದ್ರಿ ಮಲ್ಲಿಕಟ್ಟೆಗಳ ಕಡೆಯಿಂದ ಬರುವ ನಗರದ ದಾರಿಯೂ ಅಲ್ಲಿ ಕೂಡುತ್ತವೆ. ಬೆಳಗಿನ ಒಂಬತ್ತು ಗಂಟೆಗೆ ಅಲ್ಲಿ ಕಾಲಿಡುವುದೂ ಕಷ್ಟ. ನಡುರಾತ್ರಿಯಲ್ಲಿ ಅದೇ ರಸ್ತೆಯು ಬರಿದಾಗಿರುತ್ತದೆ. ಒಂಬತ್ತು ಗಂಟೆಗೆ ರಸ್ತೆಯನ್ನು ಅಗಲಿಸಿ ಹನ್ನೆರಡಕ್ಕೆ ಮತ್ತೆ ಕಿರಿದಾಗಿಸುವುದು ಯಾವ ಇಂಜಿನಿಯರನಿಂದಲೂ ಆಗದ ಕೆಲಸ. ಪಕ್ಕದ ಪಂಪ್‌ವೆಲ್ಲಿನಲ್ಲಿ ಒಂದು ಮೇಲ್ಸೇತುವೆಯು ವರ್ಷಗಟ್ಟಲೆ ಎಳೆದು ೨೦೨೦ರ ಜನವರಿಯ ಕೊನೆಗೆ ಮುಗಿದುದನ್ನು ಇಲ್ಲಿಯವರು ಮರೆತಿಲ್ಲ. ಆದರೆ ಗಣಕಯಂತ್ರಗಳ ಲೋಕದಲ್ಲಿ, ಮಣ್ಣಿನ ರಸ್ತೆಗೆ ಅಸಾಧ್ಯವಾದುದು ಸಾಧ್ಯವಾಗಿದೆ. ಸಾವಿರಾರು ಯಂತ್ರಗಳನ್ನು ದೊಡ್ಡ ಕಟ್ಟಡಗಳಲ್ಲಿ ಜೋಡಿಸಿ, ಒಂದೊಂದು ಯಂತ್ರವನ್ನೂ ತಂತ್ರಾಂಶದ ಬಲದಿಂದ ಹಲವು ಯಂತ್ರಗಳಂತೆ ಪಾಲುಮಾಡಿ, ಬೇಕಾದವರಿಗೆ ಬೇಕಾದಷ್ಟು ಹೊತ್ತಿಗೆ ಬಾಡಿಗೆಗೆ ಕೊಡುವ ಏರ್ಪಾಡಿಗೆ ಕ್ಲೌಡ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಮೇಘದ್ದಾದರೂ ಆ ಯಂತ್ರಗಳು ಇರುವುದು ನೆಲದ ಮೇಲೆಯೇ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರಲ್ಲಿಯೂ, ಅಮೆಝಾನ್ ೨೦೧೬ರಲ್ಲಿಯೂ, ಗೂಗಲ್ ೨೦೧೭ರಲ್ಲಿಯೂ ಭಾರತದಲ್ಲಿ ಇಂತಹ ಯಂತ್ರಾಗಾರಗಳನ್ನು ತೆರೆದವು. ೧೯೭೬ರಲ್ಲಿ ಹುಟ್ಟಿದ ನಮ್ಮ ರಾಷ್ಟ್ರೀಯ ಮಾಹಿತಿ ಕೇಂದ್ರದವರು ೨೦೧೪ರಲ್ಲಿ ಮೇಘರಾಜವೆಂಬ ಹೆಸರಿನ ಸರಕಾರಿ ಕ್ಲೌಡನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಕರ್ನಾಟಕ ಸರಕಾರದ್ದೇ ಆದ ದತ್ತಾಂಶ ಕೇಂದ್ರವೂ ಇದೆ.

ಯಂತ್ರಗಳನ್ನು ಬಾಡಿಗೆಗೆ ಪಡೆದ ಮಾತ್ರಕ್ಕೆ ಕೆಲಸವು ಮುಗಿಯುವುದಿಲ್ಲ. ಸಂದಣಿಯು ಏರುತ್ತಿರುವುದನ್ನು ಕಂಡು ಹೊಸ ಯಂತ್ರಗಳನ್ನು ಕೂಡಿಸುವವರಾರು, ಇಳಿದಾಗ ಕಳೆಯುವವರಾರು? ಇದನ್ನು ಮನುಷ್ಯನೇ ಮಾಡಬೇಕಾದರೆ ಅವನು ಎಚ್ಚತ್ತು ಬರುವಷ್ಟರಲ್ಲಿ ಜಾಲತಾಣವು ಬಿದ್ದುಹೋಗಿರುತ್ತದೆ. ಆದಕಾರಣ ಈ ಕಾರ್ಯವನ್ನು ಬರೆದಿಟ್ಟ ಸೂತ್ರಗಳಿಗೆ ಒಪ್ಪಿಸುವ ಪದ್ಧತಿಯು ಬಂದಿದೆ. ಯಂತ್ರಗಳ ಮೇಲಿನ ಹೊರೆಯು ಗೊತ್ತಾದ ಮಿತಿಯನ್ನು ಮೀರಿ ಕೆಲವು ನಿಮಿಷ ನಿಂತರೆ ಇಷ್ಟು ಯಂತ್ರಗಳನ್ನು ಕೂಡಿಸತಕ್ಕದ್ದು. ಹೊರೆಯು ಇಳಿದರೆ ಇಷ್ಟನ್ನು ಕಳೆಯತಕ್ಕದ್ದು. ಯಾವುದಾದರೊಂದು ಯಂತ್ರವು ಉತ್ತರ ಕೊಡದೆ ಹೋದರೆ ಅದನ್ನು ಬದಿಗಿಟ್ಟು ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸತಕ್ಕದ್ದು. ಬರುವವರನ್ನು ಎಲ್ಲ ಯಂತ್ರಗಳಿಗೂ ಸಮವಾಗಿ ಹಂಚತಕ್ಕದ್ದು. ಈ ವಿಧಿಗಳನ್ನೆಲ್ಲ ಕಡತದಲ್ಲಿ ಬರೆದಿಟ್ಟರೆ ಯಂತ್ರವೇ ಅವುಗಳನ್ನು ಪಾಲಿಸುತ್ತದೆ. ಇದರಿಂದ ಇನ್ನೊಂದು ಉಪಕಾರವೂ ಆಗಿದೆ. ಹಿಂದೆ ಯಂತ್ರಸಾಲೆಯ ಮರ್ಮವೆಲ್ಲವೂ ಒಬ್ಬ ಅನುಭವಸ್ಥನ ತಲೆಯಲ್ಲಿರುತ್ತಿತ್ತು. ಅವನು ಕೆಲಸ ಬಿಟ್ಟರೆ ಮರ್ಮವೂ ಅವನೊಡನೆ ಹೋಗುತ್ತಿತ್ತು. ಈಗ ಅದು ಬರವಣಿಗೆಯಲ್ಲಿ ನಿಂತಿದೆ. ಯಾವ ದಿನ ಯಾರು ಯಾವ ವಿಧಿಯನ್ನು ತಿದ್ದಿದರೆಂಬುದಕ್ಕೂ ದಾಖಲೆ ಉಳಿಯುತ್ತದೆ. ಆಡಳಿತವನ್ನು ಪ್ರಜೆಗಳು ಪರೀಕ್ಷಿಸಬೇಕಾದ ದೇಶದಲ್ಲಿ ಇದು ಸಣ್ಣ ಲಾಭವಲ್ಲ.

ಆದರೂ ಸ್ವಯಂಚಾಲನೆಯನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವವರನ್ನು ನಾವು ಎಚ್ಚರಿಸಬೇಕಾಗಿದೆ. ಕಾವೇರಿ-೨ರ ಮೇಲೆ ನಡೆಯಿತೆನ್ನಲಾದಂತಹ ದಾಳಿಯಲ್ಲಿ ಬಾಗಿಲು ತಟ್ಟುವವರು ನಿಜವಾದ ಜನರಲ್ಲ. ಬಂದವರು ಯಾರೆಂದು ವಿಚಾರಿಸದೆ ಯಂತ್ರಗಳನ್ನು ಕೂಡಿಸುತ್ತಲೇ ಹೋದರೆ ಬೊಕ್ಕಸಕ್ಕೆ ಬಾಡಿಗೆಯ ಹೊರೆ ಬೆಳೆಯುತ್ತದೆಯೇ ಹೊರತು ಪ್ರಜೆಯ ಕೆಲಸ ಆಗುವುದಿಲ್ಲ. ಅಲ್ಲಿ ಬೇಕಾದುದು ಬಾಗಿಲಲ್ಲಿ ಸುಳ್ಳು ಬೇಡಿಕೆಯನ್ನು ತಡೆಯುವ ಕಾವಲು. ಇನ್ನು ಯಂತ್ರವನ್ನು ಕಾಯುವ ಯಂತ್ರವೇ ತಪ್ಪಿದರೆ ಏನಾಗುವುದೆಂಬುದನ್ನು ೨೦೨೫ರ ಅಕ್ಟೋಬರ್ ೨೦ರಂದು ಜಗತ್ತು ಕಂಡಿತು. ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಝಾನಿನ ಯಂತ್ರಾಗಾರಗಳಲ್ಲಿ, ಯಾವ ಹೆಸರಿಗೆ ಯಾವ ವಿಳಾಸವೆಂಬುದನ್ನು ಬರೆದಿಡುವ ಕೆಲಸವನ್ನು ಸ್ವಯಂಚಾಲಿತ ತಂತ್ರಾಂಶಗಳಿಗೆ ಒಪ್ಪಿಸಲಾಗಿತ್ತು. ಅವುಗಳಲ್ಲೊಂದು ನಿಧಾನವಾಗಿ ಹಿಂದೆ ಬಿದ್ದು, ಹೊಸ ಪಟ್ಟಿಯ ಮೇಲೆ ಹಳೆಯ ಪಟ್ಟಿಯನ್ನು ಬರೆಯಿತು. ಇನ್ನೊಂದು ಆ ಹಳೆಯ ಪಟ್ಟಿಯನ್ನು ಕಸವೆಂದು ತಿಳಿದು ಅಳಿಸಿಹಾಕಿತು. ವಿಳಾಸವಿರಬೇಕಾದೆಡೆಯಲ್ಲಿ ಏನೂ ಉಳಿಯಲಿಲ್ಲ. ಎರಡೂ ತಮ್ಮ ತಮ್ಮ ವಿಧಿಯನ್ನೇ ಪಾಲಿಸಿದ್ದವು. ಆದರೂ ಅನೇಕ ದೇಶಗಳಲ್ಲಿ ಅಸಂಖ್ಯ ಸೇವೆಗಳು ಗಂಟೆಗಟ್ಟಲೆ ನಿಂತುಹೋದವು. ಯಂತ್ರವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಲಾರದೆ ಹೋಯಿತು. ಕೊನೆಗೆ ಮನುಷ್ಯರ ಕೈಯೇ ಅದನ್ನು ಸರಿಪಡಿಸಬೇಕಾಯಿತು. ಸೂತ್ರಗಳನ್ನು ಬರೆಯಬಲ್ಲ, ಓದಬಲ್ಲ, ಬೇಕಾದಾಗ ಅವುಗಳನ್ನು ತಡೆದು ನಿಲ್ಲಿಸಬಲ್ಲ ಜನರು ನಮ್ಮಲ್ಲಿರುವುದು ಎಷ್ಟು ಅಗತ್ಯವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಪ್ರಮಾಣವು ಬೇಕಿಲ್ಲ.

ಆ ಜನರು ಯಾರ ಆಜ್ಞೆಯಲ್ಲಿರಬೇಕೆಂಬುದು ಮುಂದಿನ ವಿಚಾರ. ೨೦೨೫ರ ಜುಲೈಯಲ್ಲಿ ಯುರೋಪಿನ ಒಕ್ಕೂಟವು ಗುಜರಾತಿನ ವಾಡಿನಾರಿನಲ್ಲಿ ತೈಲಶುದ್ಧೀಕರಣಾಗಾರವನ್ನು ನಡೆಸುವ ನಯಾರಾ ಸಂಸ್ಥೆಯ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಅಮೆರಿಕದ ಕಂಪೆನಿಯಾದ ಮೈಕ್ರೋಸಾಫ್ಟ್ ಆ ಕಾರಣದಿಂದ ಅದರ ಗಣಕ ಸೇವೆಗಳನ್ನು ತಡೆಹಿಡಿಯಿತು. ನಯಾರಾದವರು ದಿಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಹೋದ ಬಳಿಕ ಸೇವೆಗಳು ಮರಳಿ ಬಂದವು. ಆ ಸಂಸ್ಥೆಯಲ್ಲಿ ರಷ್ಯದ ಬಂಡವಾಳವಿತ್ತೆಂಬ ವಾದವನ್ನು ಬದಿಗಿಡೋಣ. ಭಾರತದ ನೆಲದ ಮೇಲೆ, ಭಾರತದ ಕಾನೂನಿಗೆ ಒಳಪಟ್ಟು, ಹಣವನ್ನು ಕೊಟ್ಟು ಪಡೆದ ಸೇವೆಯೊಂದು ಪರದೇಶದ ನಿರ್ಣಯದಿಂದ ಒಂದು ದಿನ ಬೆಳಗಾಗುವುದರೊಳಗೆ ನಿಂತುಹೋಯಿತೆಂಬುದು ಉಳಿಯುವ ಸಂಗತಿ. ತನ್ನದೇ ಶುದ್ಧೀಕರಣಾಗಾರವನ್ನು ಹೊಂದಿರುವ ಮಂಗಳೂರು ಇದನ್ನು ದೂರದ ಊರಿನ ಸುದ್ದಿಯೆಂದು ಬಗೆಯಲಾಗದು. ೨೦೨೧ರ ಏಪ್ರಿಲ್ ೨೮ರಂದು ಲಸಿಕೆಗಾಗಿ ಒಂದೇ ದಿನದಲ್ಲಿ ಕೋಟಿಗೂ ಮಿಕ್ಕಿದ ಜನರು ಹೆಸರು ಬರೆಸಿದ ಕೋವಿನ್ ಜಾಲತಾಣವು ತನ್ನ ಕ್ಲೌಡಿನ ಮೇಲೆಯೇ ನಡೆಯಿತೆಂದು ಅಮೆಝಾನ್ ಹೇಳಿಕೊಂಡಿದೆ. ಆ ಹೊತ್ತಿನಲ್ಲಿ ಅದು ಉಪಕಾರವೇ ಆಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಸಂಕಟಕಾಲದಲ್ಲಿ ಪಡೆದ ಉಪಕಾರವು ಶಾಶ್ವತವಾದ ಅವಲಂಬನವಾಗಿ ಪರಿಣಮಿಸಬಾರದು.

ಸೂತ್ರವು ಕೈಬಿಟ್ಟು ಹೋಗುವುದೆಂದರೇನೆಂಬುದನ್ನು ದಕ್ಷಿಣ ಕನ್ನಡದವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಮಂಗಳೂರಿನಲ್ಲಿ ಕೆನರಾ ನಿಧಿಯನ್ನು ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕು ಹುಟ್ಟಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕು, ೧೯೨೫ರಲ್ಲಿ ಸಿಂಡಿಕೇಟ್, ೧೯೩೧ರಲ್ಲಿ ವಿಜಯಾ ಬ್ಯಾಂಕುಗಳು ಉದಿಸಿದವು. ಹಣವನ್ನು ಇಡುವುದಕ್ಕೆ ಅಂದು ಬೇರೆ ಬ್ಯಾಂಕುಗಳಿರಲಿಲ್ಲವೆಂದಲ್ಲ. ನಮ್ಮವರ ಲೆಕ್ಕವನ್ನು ನಮ್ಮವರೇ ನೋಡಬೇಕು, ಸಾಲವನ್ನು ಕೊಡುವ ನಿರ್ಣಯವು ನಮ್ಮಲ್ಲಿಯೇ ಆಗಬೇಕು ಎಂಬ ಸ್ವಾಭಿಮಾನವು ಅವುಗಳ ಮೂಲವಾಗಿತ್ತು. ೨೦೧೯ರಲ್ಲಿಯೂ ೨೦೨೦ರಲ್ಲಿಯೂ ನಡೆದ ವಿಲೀನಗಳಲ್ಲಿ ವಿಜಯಾ, ಕಾರ್ಪೊರೇಶನ್, ಸಿಂಡಿಕೇಟ್ ಎಂಬ ಮೂರು ಹೆಸರುಗಳು ಅಳಿದವು. ಶಾಖೆಗಳು ಇಂದಿಗೂ ತೆರೆದಿವೆ, ಹಣವೂ ಸುರಕ್ಷಿತವಾಗಿದೆ. ಆದರೆ ನಿರ್ಣಯವನ್ನು ಕೈಗೊಳ್ಳುವ ಮೇಜು ಬೇರೆ ಊರಿಗೆ ಹೋಯಿತು. ಪರರ ಕ್ಲೌಡಿನಲ್ಲಿ ಪೂರ್ಣವಾಗಿ ನೆಲೆಸಿದ ಆಡಳಿತಕ್ಕೂ ಇದೇ ಗತಿಯೊದಗುವುದು. ಬಾಗಿಲು ತೆರೆದಿರುತ್ತದೆ, ಬೀಗದ ಕೈ ಬೇರೆಡೆಯಲ್ಲಿರುತ್ತದೆ.

ಇಷ್ಟರಿಂದ ನಾವು ಪರದೇಶದ ಕಂಪೆನಿಗಳ ಬಹಿಷ್ಕಾರವನ್ನು ಸಾರುತ್ತಿದ್ದೇವೆಂದು ಯಾರೂ ತಿಳಿಯಬಾರದು. ಗೋಡಂಬಿಯನ್ನು ಮಾರುವ ಸಣ್ಣ ವ್ಯಾಪಾರಿಯು ಸ್ವಂತ ಯಂತ್ರಾಗಾರವನ್ನು ಕಟ್ಟಿಕೊಳ್ಳಲಾರನು. ಬಾಡಿಗೆಗೆ ಪಡೆಯುವುದೇ ಅವನಿಗೆ ವಿವೇಕ. ನಮ್ಮ ಆಕ್ಷೇಪಣೆಯು ಬಿಟ್ಟು ಹೋಗಲು ದಾರಿಯಿಲ್ಲದ ಬಾಡಿಗೆಯ ಮೇಲೆ. ಒಂದು ಕಂಪೆನಿಯ ವಿಶಿಷ್ಟ ಸಲಕರಣೆಗಳ ಮೇಲೆಯೇ ಎಲ್ಲವನ್ನೂ ಕಟ್ಟಿದ ಬಳಿಕ ಇನ್ನೊಂದೆಡೆಗೆ ಹೋಗಬೇಕಾದರೆ ಮನೆಯನ್ನೇ ಒಡೆದು ಕಟ್ಟಬೇಕಾಗುತ್ತದೆ. ಇದನ್ನು ಮನಗಂಡ ಯುರೋಪಿನ ಒಕ್ಕೂಟದವರು ೨೦೨೫ರ ಸೆಪ್ಟೆಂಬರ್ ೧೨ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಗಿರಾಕಿಯು ಒಂದು ಕ್ಲೌಡಿನಿಂದ ಇನ್ನೊಂದಕ್ಕೆ ಹೋಗುವ ಹಕ್ಕನ್ನು ಸ್ಥಾಪಿಸಿದ್ದಾರೆ. ೨೦೨೭ರ ಜನವರಿಯಿಂದ ಹಾಗೆ ಹೋಗುವುದಕ್ಕಾಗಿ ಶುಲ್ಕ ಕೇಳುವುದೂ ಅಲ್ಲಿ ನಿಷಿದ್ಧ. ನಮ್ಮ ರಿಸರ್ವ್ ಬ್ಯಾಂಕಿನವರು ೨೦೧೮ರ ಏಪ್ರಿಲ್‌ನಲ್ಲಿಯೇ ಹಣಪಾವತಿಯ ವಿವರಗಳನ್ನು ಭಾರತದಲ್ಲಿಯೇ ಇಡತಕ್ಕದ್ದೆಂದು ಆಜ್ಞಾಪಿಸಿದರು. ದತ್ತಾಂಶವು ಇಲ್ಲಿರಬೇಕೆಂಬುದು ಮೊದಲ ಹೆಜ್ಜೆ. ಅದನ್ನು ಎತ್ತಿಕೊಂಡು ಹೊರಡುವ ಹಕ್ಕು ಎರಡನೆಯದು.

ಇದೆಲ್ಲ ನಮ್ಮಿಂದಾಗುವುದೇ ಎಂದು ಸಂಶಯಪಡುವವರಿಗೆ ಯು.ಪಿ.ಐ.ಯು ಉತ್ತರವಾಗಿದೆ. ೨೦೧೬ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ೨೦೨೫ರ ಆಗಸ್ಟ್ ತಿಂಗಳೊಂದರಲ್ಲಿಯೇ ೨೦೦೦ ಕೋಟಿಗೂ ಮಿಕ್ಕಿದ ವ್ಯವಹಾರಗಳು ನಡೆದವು. ಅದೂ ಎಡವದೆ ಇಲ್ಲ. ೨೦೨೫ರ ಏಪ್ರಿಲ್ ೧೨ರಂದು, ವ್ಯವಹಾರವು ಮುಗಿಯಿತೇ ಎಂದು ಬ್ಯಾಂಕುಗಳು ಮತ್ತೆ ಮತ್ತೆ ವಿಚಾರಿಸಿದ ಹೊರೆಯಿಂದ ಅದು ತೊಡರಿತು. ಅನಂತರ ಇಂತಹ ವಿಚಾರಣೆಗಳಿಗೆ ಮಿತಿಗಳನ್ನು ವಿಧಿಸಲಾಯಿತು. ತಪ್ಪು ನಮ್ಮದಾದಾಗ ತಿದ್ದುವ ಅಧಿಕಾರವೂ ನಮ್ಮದೇ ಆಗಿರುವುದು ಸ್ವಾತಂತ್ರ್ಯದ ಲಕ್ಷಣ. ಸಲಕರಣೆಗಳಿಗಾಗಿಯೂ ನಾವು ಪರರಲ್ಲಿ ಬೇಡಬೇಕಾಗಿಲ್ಲ. ೧೯೯೧ರ ಲಿನಕ್ಸ್, ೨೦೧೦ರ ಓಪನ್‌ಸ್ಟ್ಯಾಕ್, ಗೂಗಲ್ ಸಂಸ್ಥೆಯು ೨೦೧೪ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟ ಕುಬರ್ನೆಟಿಸ್ ಇವೆಲ್ಲವೂ ಯಾರೂ ಓದಿ, ತಿದ್ದಿ, ಬಳಸಬಹುದಾದ ಮುಕ್ತ ತಂತ್ರಾಂಶಗಳು. ಕುಬರ್ನೆಟಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಚುಕ್ಕಾಣಿ ಹಿಡಿಯುವವನು, ನಮ್ಮ ಬಂದರಿನ ಮಾತಿನಲ್ಲಿ ತಾಂಡೇಲ. ಟೆರಾಫಾರ್ಮ್ ಎಂಬ ಪ್ರಸಿದ್ಧ ತಂತ್ರಾಂಶದ ಒಡೆಯರು ೨೦೨೩ರಲ್ಲಿ ಅದರ ಪರವಾನಗಿಯನ್ನು ಬಿಗಿಗೊಳಿಸಿದಾಗ, ಅದುವರೆಗೆ ಮುಕ್ತವಾಗಿದ್ದ ಪಾಠವನ್ನೇ ಎತ್ತಿಕೊಂಡು ಬಳಕೆದಾರರು ಓಪನ್‌ಟೋಫು ಎಂಬ ಹೆಸರಿನಲ್ಲಿ ಮುಂದುವರಿಸಿದರು. ಮುಕ್ತವಾದುದನ್ನು ಯಾರೂ ಹಿಂದಕ್ಕೆ ಕಸಿದುಕೊಳ್ಳಲಾರರು.

ಮಂಗಳೂರಿಗೆ ದೊಡ್ಡ ದತ್ತಾಂಶ ಕೇಂದ್ರ ಬರಬೇಕು, ಸಮುದ್ರದಡಿಯ ಕೇಬಲ್ ಇಲ್ಲಿಯೇ ದಡ ಸೇರಬೇಕು ಎಂಬ ಬೇಡಿಕೆಗಳು ಈಚೆಗೆ ಕೇಳಿಬರುತ್ತಿವೆ. ರಾಜ್ಯವು ೨೦೨೨ರಿಂದ ೨೦೨೭ರವರೆಗಿನ ದತ್ತಾಂಶ ಕೇಂದ್ರ ನೀತಿಯನ್ನು ಪ್ರಕಟಿಸಿಯೂ ಇದೆ. ಅವು ಬಂದರೆ ಸಂತೋಷವೇ. ಆದರೆ ಅಂತಹ ಯಂತ್ರಾಗಾರಗಳನ್ನು ತಂಪಾಗಿಡಲು ಅಪಾರ ವಿದ್ಯುತ್ತೂ ಎಷ್ಟೋ ಕಡೆ ಅಪಾರ ನೀರೂ ಬೇಕಾಗುತ್ತವೆ. ತುಂಬೆಯ ಅಣೆಕಟ್ಟ ಬರಿದಾಗುತ್ತ ಬಂದು ೨೦೧೯ರಲ್ಲಿಯೂ ೨೦೨೩ರಲ್ಲಿಯೂ ನಗರಕ್ಕೆ ಸರದಿಯ ಮೇಲೆ ನೀರು ಬಿಡಬೇಕಾದುದನ್ನು ಮರೆತು ಈ ನಿರ್ಣಯವನ್ನು ಕೈಗೊಳ್ಳಬಾರದು. ಕ್ಲೌಡಿನ ವೈಶಿಷ್ಟ್ಯವೇನೆಂದರೆ ಯಂತ್ರವು ಒಂದೂರಿನಲ್ಲಿದ್ದು ಅದನ್ನು ನಡೆಸುವವನು ಇನ್ನೊಂದೂರಿನಲ್ಲಿರಬಹುದು. ನೀರನ್ನು ಕುಡಿಯುವ ಯಂತ್ರವು ಎಲ್ಲಿಯೇ ಇರಲಿ. ಅದನ್ನು ನಡೆಸುವ ಸೂತ್ರವನ್ನು ನಂತೂರಿನ ಕೊಠಡಿಯೊಂದರಲ್ಲಿ ಕುಳಿತು ಬರೆಯಬಹುದು. ತಮಿಳುನಾಡಿನ ತೆಂಕಾಶಿಯಂತಹ ಗ್ರಾಮಾಂತರ ಪ್ರದೇಶದಲ್ಲಿ ನೆಲೆಯೂರಿ ಬೆಳೆದ ಝೋಹೋ ಸಂಸ್ಥೆಗೆ ಇಂದು ಕೇಂದ್ರ ಸರಕಾರದ ನೌಕರರ ಮಿಂಚಂಚೆಯ ಹೊಣೆಯು ಒಪ್ಪಿತವಾಗಿದೆ. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಆದಕಾರಣ ರಾಜ್ಯ ಸರಕಾರದವರ ಮುಂದೆ ನಾವು ಈ ಕೋರಿಕೆಗಳನ್ನು ಇಡುತ್ತೇವೆ. ಸಾರ್ವಜನಿಕ ಸೇವೆಯ ಯಾವುದೇ ಜಾಲತಾಣವನ್ನು ತೆರೆಯುವುದಕ್ಕೆ ಮುನ್ನ ನಿರೀಕ್ಷಿತ ಸಂದಣಿಯನ್ನು ಕೃತಕವಾಗಿ ಹೇರಿ ಪರೀಕ್ಷಿಸಬೇಕು, ಫಲಿತಾಂಶವನ್ನು ಪ್ರಕಟಿಸಬೇಕು. ಸೇವೆಯು ನಿಂತ ದಿನ, ಕಾರಣ, ಕೈಗೊಂಡ ಪರಿಹಾರ ಇವುಗಳ ವರದಿಯನ್ನು ಪ್ರತಿ ತಿಂಗಳೂ ಜನರ ಮುಂದಿಡಬೇಕು. ಯಂತ್ರಗಳನ್ನು ನಡೆಸುವ ವಿಧಿಗಳ ಕಡತಗಳು ಗುತ್ತಿಗೆದಾರರ ಸ್ವತ್ತಾಗಿರದೆ ಸರಕಾರದ ಸ್ವತ್ತಾಗಿರಬೇಕು. ಅವುಗಳನ್ನು ಮುಕ್ತ ತಂತ್ರಾಂಶಗಳಲ್ಲಿಯೇ ಬರೆಯಿಸಬೇಕು. ಗುತ್ತಿಗೆಯ ಕರಾರಿನಲ್ಲಿ ಬೇರೆಡೆಗೆ ಹೋಗುವ ಹಕ್ಕನ್ನು ಮೊದಲಿಗೇ ನಮೂದಿಸಿರಬೇಕು. ಸರ್ವರ್ ನಿಂತ ದಿನ ಪಡಿತರವನ್ನು ಪುಸ್ತಕದಲ್ಲಿ ಬರೆದುಕೊಂಡು ಕೊಡುವ ಅಧಿಕಾರವು ಅಂಗಡಿಯವನಿಗಿರಬೇಕು. ಯಂತ್ರದ ದೋಷಕ್ಕೆ ಬಡವನು ಉಪವಾಸವಿರತಕ್ಕದ್ದಲ್ಲ. ಕೊನೆಯದಾಗಿ, ಈ ಕೆಲಸಕ್ಕೆ ಬೇಕಾದ ಒಂದು ಶಾಶ್ವತವಾದ ತಂಡವನ್ನು ಬೆಂಗಳೂರಿನ ಹೊರಗೆ ಕಟ್ಟಬೇಕು. ಮಂಗಳೂರು ಅದಕ್ಕೆ ಸಿದ್ಧವಾಗಿದೆ.

ತರುಣರಿಗೂ ಒಂದು ಮಾತು. ಪರರ ಜಾಲತಾಣವನ್ನು ಕಾಯ್ದು ಸಂಬಳ ಪಡೆಯುವುದು ಅವಮಾನವಲ್ಲ. ಕಲಿತ ವಿದ್ಯೆಯು ಎಲ್ಲಿದ್ದರೂ ವಿದ್ಯೆಯೇ. ಆದರೆ ಆ ವಿದ್ಯೆಯ ಒಂದು ಪಾಲಾದರೂ ಸ್ವಂತ ನಾಡಿನ ಆಡಳಿತಕ್ಕೆ ಸಲ್ಲಬೇಕೆಂಬ ಹಂಬಲವು ಅವರಲ್ಲಿ ಇರಬೇಕು. ಅದಕ್ಕೆ ತಕ್ಕ ಸ್ಥಾನವನ್ನೂ ಸಂಬಳವನ್ನೂ ಒದಗಿಸುವುದು ಸರಕಾರದ ಕರ್ತವ್ಯವಾಗಿದೆ. ಇವೆರಡೂ ಕೂಡಿದರೆ ನೋಂದಣಿಯ ಕಚೇರಿಗೆ ಬಂದ ಕೃಷಿಕನು ಅಂದೇ ಕೆಲಸ ಮುಗಿಸಿಕೊಂಡು ಸಂಜೆಯೊಳಗೆ ಮನೆಗೆ ಮರಳುವನು. ಸ್ವರಾಜ್ಯದಲ್ಲಿ ಪ್ರಜೆಗೆ ಸಲ್ಲಬೇಕಾದ ಕನಿಷ್ಠ ಸೌಕರ್ಯವು ಇದು. ಇದಕ್ಕಾಗಿ ಅವನನ್ನು ಇನ್ನೂ ಕಾಯಿಸುವುದು ಯಾವ ಸರಕಾರಕ್ಕೂ ಭೂಷಣವಲ್ಲ.